ಬೈಕಿನ ಗಂಟಲಿನ ಬಿಲ್ಲೆ

ಬೈಕು ಓಡಿಸಲು ಕಲಿಯುವ ವರ್ಷ ಮುಗಿಯಿತೆಂದು ಆಯುಧಪೂಜೆಯ ದಿನ ಮೆಕ್ಯಾನಿಕ್ಕು ನರ್ಸ್ ನೀಲವ್ವನ ಬೈಕಿನ ಗಾಳಿಕೊಳವೆಯಿಂದ ವೇಗ ತಡೆಯುವ ಪುಟ್ಟ ಬಿಲ್ಲೆಯನ್ನು ಕಿತ್ತು, ಪೂಜೆಯ ತಟ್ಟೆಯಲ್ಲಿಟ್ಟು, ಎಂಜಿನ್ನನ್ನು ಹೊಸದಾಗಿ ಟ್ಯೂನ್ ಮಾಡಿದ.

“ವರ್ಷವಿಡೀ ನನ್ನ ಗಂಟಲು ಹಿಸುಕಿದೆಯಲ್ಲೋ, ಪಾಪಿ!” ಎಂದಿತು ಬೈಕು.

“ನಾನು ಕಾಪಾಡಿದ್ದು ನೀಲವ್ವನನ್ನು, ತಮ್ಮಾ,” ಎಂದಿತು ತಟ್ಟೆಯಲ್ಲಿದ್ದ ಬಿಲ್ಲೆ. “ಆಕ್ಸಿಲರೇಟರನ್ನು ಪೂರ್ತಿ ತಿರುವಿದರೂ ನೀನು ಮೆಲ್ಲಗೆ ಹೋಗುವುದಷ್ಟೇ ಅವಳ ಕೈಗೆ ಗೊತ್ತು.”

“ಸಾಕು ಬಿಡೋ, ತುಕ್ಕುಮೋರೆಯವನೇ!”

ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು, ದೇವರನ್ನು ನೆನೆದು, ನೀಲವ್ವ ಎಂದಿನಂತೆ ಆಕ್ಸಿಲರೇಟರನ್ನು ಪೂರ್ತಿ ತಿರುವಿದಳು. ಹಿಗ್ಗಿ ನೆಗೆದ ಬೈಕು ಗೋಡೆಗೆ ಬಡಿದು ಉರುಳಿತು. ಆಗಲೇ ಅದಕ್ಕೆ ತಿಳಿದದ್ದು, ಬೆನ್ನ ಮೇಲೆ ಯಾರೂ ಇಲ್ಲ!

“ಅಯ್ಯೋ ಸ್ವಾಮೀ! ನನ್ನ ನೀಲವ್ವ ಎಲ್ಲಿ?”

ದಯಾಮಯನು ಅವಳನ್ನು ಮರಳಗುಡ್ಡೆಯ ಮೇಲೆ ಬೀಳಿಸಿ ಉಳಿಸಿದ್ದ. ನಿಂಬೆಹಣ್ಣೂ ಒಡೆದಿರಲಿಲ್ಲ.

ಬೈಕು ಬಿಲ್ಲೆಯನ್ನು ಕರೆಯಿತು: “ಬಾ ಅಣ್ಣಾ. ಅವಳ ಕೈ ಕಲಿಯುವವರೆಗೆ ನನ್ನ ಗಂಟಲಲ್ಲೇ ಇರು.”