ಏಳು ಮೊಳ ನೀರು

"ಈ ಜನ ತಿಳಿದೂ ತಿಳಿದೂ ತಪ್ಪು ಮಾಡಿದ್ದಾರೆ, ಮೇಷ್ಟ್ರೇ. ಇಂಥವರಿಗಾಗಿ ನಾನು ಇನ್ನು ಯಾಕೆ ಓಡಾಡಬೇಕು?"

ಓಬಳೇಶ ಇದನ್ನು ನಿಂತುಕೊಂಡೇ ಕೇಳಿದ. ಪಾಲಯ್ಯ ಮೇಷ್ಟ್ರು ಎರಡು ಸಲ ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ. ಹಿಂದಿನ ದಿನ ಲೋಕಸಭೆಯ ಮತ ಎಣಿಕೆ ಮುಗಿದಿತ್ತು. ಈ ದೇಶಕ್ಕೆ ಒಂದು ಧರ್ಮದವರು ಮನೆಯವರು, ಉಳಿದವರು ಬಾಡಿಗೆಯವರು ಎಂದು ಊರೂರಿನಲ್ಲಿ ಹೇಳಿಕೊಂಡು ಬಂದ ಬಲಪಂಥೀಯ ಪಕ್ಷವೇ ಮತ್ತೆ ಅಧಿಕಾರಕ್ಕೆ ಬಂದಿತ್ತು.

ಪಾಲಯ್ಯ ಯಾವ ಶಾಲೆಯ ಮೇಷ್ಟ್ರೂ ಅಲ್ಲ. ನಲವತ್ತು ವರ್ಷ ಧಾನ್ಯದ ಮಂಡಿಯಲ್ಲಿ ಮೂಟೆ ಹೊತ್ತವರು. ಮೂಟೆಯ ಮೇಲಿನ ಅಕ್ಷರ ನೋಡಿ ನೋಡಿ ಓದು ಕಲಿತು, ಜೊತೆಯ ಹಮಾಲರಿಗೂ ಕಲಿಸಿದವರು. ಓಬಳೇಶ ಅವರ ಕೈಯಲ್ಲಿ ಕಲಿತವನು. ಈಗ ಹಮಾಲರ ಸಂಘದ ಕಾರ್ಯದರ್ಶಿ.

ಆ ಪಕ್ಷಕ್ಕೆ ವೋಟು ಹಾಕಬೇಡಿ ಎಂದು ಎರಡು ತಿಂಗಳು ಬಿಸಿಲಲ್ಲಿ ಅಲೆದದ್ದನ್ನು ಅವನು ಹೇಳಿದ. ಮಂಡಿಯ ಐವತ್ತೆರಡು ಹಮಾಲರಲ್ಲಿ ಮೂವತ್ತು ಮಂದಿ ಆ ಪಕ್ಷಕ್ಕೇ ವೋಟು ಹಾಕಿ, ಎಣಿಕೆಯ ದಿನ ತನ್ನ ಕಾಲ ಬುಡದಲ್ಲೇ ಪಟಾಕಿ ಹಚ್ಚಿದ್ದನ್ನು ಹೇಳಿದ. ಈಗ ಮಂಡಿಯ ಯಜಮಾನರಿಗೂ ಧೈರ್ಯ ಬಂದಿದೆ. ನಾಳೆ ಬೆಳಿಗ್ಗೆ ಹಮಾಲರ ಹೊಸ ಪಟ್ಟಿ ಅಂಟಿಸುತ್ತಾರೆ. ಅದರಲ್ಲಿ ದರ್ಗಾ ಕೇರಿಯ ಹನ್ನೊಂದು ಮಂದಿಯ ಹೆಸರು ಇರುವುದಿಲ್ಲ. ಉಳಿದವರೆಲ್ಲ ಒಂದು ಮೂಟೆಯನ್ನೂ ಮುಟ್ಟದೆ ನಿಂತರೆ ಯಜಮಾನರೇ ಆ ಪಟ್ಟಿಯನ್ನು ಹರಿದು ಹಾಕುತ್ತಾರೆ. ಅದು ಓಬಳೇಶನಿಗೆ ಗೊತ್ತು. ಆದರೆ ಹಾಗೆ ನಿಲ್ಲಿ ಎಂದು ಕೇಳಲು ಆ ಮೂವತ್ತು ಮಂದಿಯ ಬಾಗಿಲಿಗೆ ತಾನು ಹೋಗುವುದಿಲ್ಲ, ಸಂಘವನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದ.

ಮೇಷ್ಟ್ರು ಅದಕ್ಕೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿಗೆ ಒಂದು ಕೆರೆ ಇತ್ತು. ಏರಿಯ ಬುಡದಲ್ಲೇ ಮೇಲಿನ ಕೇರಿಯವರ ಮನೆ, ಗದ್ದೆ. ಕಾಲುವೆ ಮುಗಿಯುವಲ್ಲಿ ಕೊನೆಯ ಕೇರಿಯವರದು. ತೂಬು ಎತ್ತಿ ಇಳಿಸಿ ಎಲ್ಲರಿಗೂ ನೀರು ಹಂಚುವವನು ನೀರಗಂಟಿ. ಮೂರು ವರ್ಷಕ್ಕೊಮ್ಮೆ ಊರವರು ಏರಿಯ ಮೇಲೆ ಸೇರುತ್ತಿದ್ದರು. ನೀರಗಂಟಿಯಾಗಲು ನಿಂತವರು ತಮ್ಮ ಮುಂದೆ ಬುಟ್ಟಿ ಇಟ್ಟುಕೊಳ್ಳುತ್ತಿದ್ದರು. ಮನೆಗೊಂದು ಕಲ್ಲು. ಯಾರ ಬುಟ್ಟಿಗೆ ಹೆಚ್ಚು ಕಲ್ಲು ಬಿತ್ತೋ ಅವನ ಕೈಗೆ ತೂಬು.

ಒಮ್ಮೆ ಒಬ್ಬ ನೀರಗಂಟಿ ಬಂದ. ಬಂದವನೇ ಮೇಲಿನ ಕೇರಿಯಲ್ಲಿ ಒಂದು ಮಾತು ಹಬ್ಬಿಸಿದ. ಕೊನೆಯ ಕೇರಿಯವರು ಏರಿ ಒಡೆಯಲು ಹೊಂಚು ಹಾಕುತ್ತಿದ್ದಾರೆ ಎಂದ. ಏರಿಯ ಮೇಲೆ ಸಿಕ್ಕಿತು ಎಂದು ಒಂದು ಹಾರೆ ತಂದು ತೋರಿಸಿದ. ಹಾರೆ ಯಾರದೆಂದು ಯಾರೂ ಕೇಳಲಿಲ್ಲ. ಅವನು ಕೊನೆಯ ಕೇರಿಗೆ ನೀರು ಕಡಿದ. ಎಮ್ಮೆಯ ಮೈ ತೊಳೆಯಲು ಬಂದ ಆ ಕೇರಿಯವನೊಬ್ಬನ ಕೈ ಮುರಿಸಿದ. ಪ್ರತಿ ಬೇಸಿಗೆಯಲ್ಲಿ ಮನೆಗೊಬ್ಬರು ಬಂದು ಕೆರೆಯ ಹೂಳೆತ್ತುವುದು ಆ ಊರಿನ ಪದ್ಧತಿ. ಆ ಆಳುಗಳನ್ನೆಲ್ಲ ಏರಿಯ ಕಾವಲಿಗೆ ನಿಲ್ಲಿಸಿದ. ಕೈಯಲ್ಲಿ ಗುದ್ದಲಿ ಇದ್ದವರಿಗೆ ದೊಣ್ಣೆ ಕೊಟ್ಟ. ಎರಡು ಸಲ ಅವನೇ ಗೆದ್ದ. ಆರು ಬೇಸಿಗೆ ಕಳೆದರೂ ಕೆರೆಯಿಂದ ಒಂದು ಬುಟ್ಟಿ ಮಣ್ಣು ಮೇಲೆ ಬರಲಿಲ್ಲ.

ಮೇಲಿನ ಕೇರಿಯಲ್ಲೇ ಒಬ್ಬ ರೈತನಿದ್ದ. ಇದನ್ನೆಲ್ಲ ಅವನಿಂದ ನೋಡಲಾಗಲಿಲ್ಲ. ಉದ್ದನೆಯ ಗಳ ತಂದು ಕೆರೆಯ ಒಡಲಿಗೆ ಇಳಿಸಿ ಅಳೆದ. ತಾತನ ಕಾಲದಲ್ಲಿ ಹನ್ನೆರಡು ಮೊಳ ಆಳವಿದ್ದ ಕೆರೆ ಐದು ಮೊಳಕ್ಕೆ ಬಂದಿತ್ತು. ಏಳು ಮೊಳ ಬರೀ ಹೂಳು. ಮೂರನೆಯ ಆಯ್ಕೆಗೆ ಅವನು ನೀರಗಂಟಿಯ ಎದುರು ತಾನೇ ಬುಟ್ಟಿ ಇಡುವುದಾಗಿ ಸಾರಿದ.

ಎರಡು ತಿಂಗಳು ದಿನವೂ ಸಂಜೆ ಗಳ ಹೆಗಲಿಗೇರಿಸಿಕೊಂಡು ಕೊನೆಯ ಕೇರಿಗೆ ಹೋದ. ಏಳು ಮೊಳದ ಲೆಕ್ಕ ಹೇಳಿದ. ಅಲ್ಲಿಯವರು ತಲೆದೂಗಿದರು. ಊರಿಗೆ ಊರೇ ತನ್ನ ಕಡೆ ಇದೆ ಎಂದುಕೊಂಡ. ಹೋಗುವಾಗ ಬರುವಾಗ ತನ್ನ ಕೇರಿಯ ನಲವತ್ತು ಬಾಗಿಲು ದಾಟುತ್ತಿದ್ದ. ಯಾರಾದರೂ ಮಾತಿಗೆ ಸಿಕ್ಕರೆ, ಇವತ್ತು ಹಾರೆಗೆ ಪೂಜೆ ಆಯಿತೇ ಎಂದು ಕೇಳಿ ನಗುತ್ತಿದ್ದ. ಅವರೂ ಬಿಡಲಿಲ್ಲ. ಕೊನೆಯ ಕೇರಿಯ ಅಳಿಯ ಬಂದ, ದಾರಿ ಬಿಡ್ರಪ್ಪ ಎನ್ನುತ್ತಿದ್ದರು.

ಆಯ್ಕೆಯ ದಿನ ನೀರಗಂಟಿಯ ಬುಟ್ಟಿ ತುಂಬಿ ಕಲ್ಲು ಹೊರಗೆ ಚೆಲ್ಲಿತು. ರೈತನ ಬುಟ್ಟಿಯಲ್ಲಿ ಕೊನೆಯ ಕೇರಿಯ ಕಲ್ಲುಗಳಿದ್ದವು. ತನ್ನ ಮನೆಯ ಒಂದು ಕಲ್ಲಿತ್ತು. ಮತ್ತೊಂದಿರಲಿಲ್ಲ.

ಅವನು ಮನೆಗೆ ಬಂದು ಎತ್ತು ಕಟ್ಟಿದ. ಪಾತ್ರೆ, ನೇಗಿಲು, ಕಾಳಿನ ಚೀಲ ಎಲ್ಲವನ್ನೂ ಗಾಡಿಗೆ ಹೇರಿದ. ಹೆಂಡತಿ ಯಾವ ಊರಿಗೆ ಎಂದಳು. ಈ ಮುಖಗಳು ಕಾಣದ ಊರಿಗೆ ಎಂದ. ಗಾಡಿ ಕೇರಿಯ ನಡುವೆ ಬರುವಾಗ ಒಬ್ಬ ಮುದುಕಿ ಬಂದು ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿದಳು. ಏರಿಗೆ ತೀರ ಹತ್ತಿರದ ಗುಡಿಸಲು ಅವಳದು. ರೈತ ಗಾಡಿಯ ಮೇಲಿಂದಲೇ ಕೇಳಿದ.

"ನೀನು ಯಾರ ಬುಟ್ಟಿಗೆ ಹಾಕಿದೆ ಅಜ್ಜಿ?"

"ಅವನ ಬುಟ್ಟಿಗೇ. ಏರಿ ಒಡೆದರೆ ಮೊದಲು ಕೊಚ್ಚಿ ಹೋಗುವವಳು ನಾನು ಕಣಪ್ಪ. ನೀರು ಏರಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಅವನು ದಿನಾ ಬಂದು ನನ್ನ ಜಗಲಿಯ ಮೇಲೆ ಕೂತು, ನಾನು ಕಾಯುತ್ತೇನೆ ಅಂದ. ನೀನು ಹಲ್ಲು ಬಿಟ್ಟುಕೊಂಡು ಹೋದೆ."

"ಆ ಬಡಪಾಯಿಯ ಕೈ ಮುರಿದದ್ದು ನಿನಗೆ ಕಾಣಲಿಲ್ಲವೇ?"

"ಕಂಡಿತು. ಕಂಡೂ ಹಾಕಿದೆ. ಅದಕ್ಕೆ ನನ್ನನ್ನು ಬೈ, ಕೇಳಿಸಿಕೊಳ್ಳುತ್ತೇನೆ. ಬೈದು ಹೊರಟುಹೋಗಬೇಡ."

ರೈತ ಬೈದ. ಆರು ವರ್ಷದ್ದನ್ನೆಲ್ಲ ಸೇರಿಸಿ ಬೈದ. ಏರಿ ಒಡೆಯಲು ಯಾವನೂ ಬರುತ್ತಿಲ್ಲ, ಕೊನೆಯ ಕೇರಿಯವರ ಹೊಟ್ಟೆಗೂ ಅದೇ ಕೆರೆಯ ನೀರೇ ಬೇಕು, ಕೆರೆಗೆ ಬಂದಿರುವ ರೋಗ ಹೂಳು, ಏಳು ಮೊಳ ಹೂಳು ಎಂದ. ಆ ಲೆಕ್ಕವನ್ನು ಅವನು ತನ್ನ ಕೇರಿಯಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕಿ ಬೈಗುಳವನ್ನೆಲ್ಲ ನುಂಗಿಕೊಂಡಳು. ಲೆಕ್ಕವನ್ನು ಮಾತ್ರ ಹಿಡಿದುಕೊಂಡಳು.

"ಈಗ ಮಣ್ಣಿರುವ ಆ ಏಳು ಮೊಳದಲ್ಲಿ ಮೊದಲು ನೀರು ನಿಲ್ಲುತ್ತಿತ್ತಲ್ಲ," ಎಂದಳು. "ಈ ಸಲದ ಮಳೆಗೆ ಆ ನೀರು ಎಲ್ಲಿ ಹೋಗಿ ನಿಲ್ಲುತ್ತದೆ?"

ರೈತ ಗಾಡಿಯ ಮೇಲಿಂದಲೇ ಏರಿಯ ಕಡೆ ತಿರುಗಿದ. ಅವನು ಅಳೆದಿದ್ದ, ಊರು ಸುತ್ತಿದ್ದ, ಕೂಗಿದ್ದ. ಹೂಳಿನಿಂದ ನೀರು ಕಡಿಮೆಯಾಗುತ್ತದೆ ಎಂದಷ್ಟೇ ಹೇಳುತ್ತ ಬಂದಿದ್ದ. ಕೆರೆಯಲ್ಲಿ ಹಿಡಿಸದ ನೀರು ಏರಿಯನ್ನು ಹತ್ತಿ ಬರುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಏರಿಯ ಬುಡದಲ್ಲಿ ಬದುಕುವವಳಿಗೆ ಅದು ಒಂದು ಗಳಿಗೆಯಲ್ಲಿ ಹೊಳೆಯಿತು. ಏರಿ ಒಡೆಯುತ್ತದೆ. ಯಾರ ಹಾರೆಯೂ ಬೇಕಾಗಿಲ್ಲ. ಮೇಲಿನ ಕೇರಿ ಮೊದಲು ಹೋಗುತ್ತದೆ, ಕೊನೆಯ ಕೇರಿ ಆಮೇಲೆ ಹೋಗುತ್ತದೆ. ಮುದುಕಿಯ ಭಯ ಸುಳ್ಳಾಗಿರಲಿಲ್ಲ. ಆ ಭಯಕ್ಕೆ ನೀರಗಂಟಿ ತೋರಿಸಿಕೊಟ್ಟ ಶತ್ರು ಮಾತ್ರ ಸುಳ್ಳು.

ಮುಂದಿನ ಆಯ್ಕೆಗೆ ಮೂರು ವರ್ಷವಿತ್ತು. ಮಳೆಗೆ ನಲವತ್ತು ದಿನವಿತ್ತು. ಅಷ್ಟರಲ್ಲಿ ಹೂಳೆತ್ತಬೇಕಾದರೆ ಊರಿನ ಎಲ್ಲ ಮನೆಯ ಗುದ್ದಲಿಯೂ ಕೆರೆಗೆ ಇಳಿಯಬೇಕಿತ್ತು. ನೀರಗಂಟಿ ಅದಕ್ಕೆ ಒಪ್ಪುವವನಲ್ಲ, ಕಾವಲು ಬಿಟ್ಟವರನ್ನು ಹೊಡೆಸುವವನು. ಅವನ ಮಾತು ಮೀರಿ ಇಳಿಯಿರಿ ಎಂದು, ಅವನಿಗೇ ಕಲ್ಲು ಹಾಕಿದವರನ್ನು ಕೇಳಬೇಕಿತ್ತು.

ತಾನೊಬ್ಬಳೇ ಹೇಳಿದರೆ ಮುದುಕಿಗೆ ಅರಳುಮರಳು ಎನ್ನುತ್ತಾರೆ ಎಂದಳು ಅವಳು. ನೀನೊಬ್ಬನೇ ಹೇಳಿದರೆ ಅಳಿಯನ ಮಾತು ಎನ್ನುತ್ತಾರೆ. ಇಬ್ಬರೂ ಹೋಗೋಣ, ನಲವತ್ತೇ ಬಾಗಿಲು, ಗಳ ತಗೋ ಎಂದಳು.

ರೈತ ಕೇರಿಯ ಕಡೆ ನೋಡಿದ. ಅವೇ ಜಗಲಿಗಳು, ಅವೇ ಮುಖಗಳು. ಒಬ್ಬ ಆಗಲೇ ಮೀಸೆಯಲ್ಲಿ ನಗುತ್ತಿದ್ದ. ಹಗ್ಗ ರೈತನ ಕೈಯಲ್ಲೇ ಇತ್ತು. ಎತ್ತುಗಳು ಹೊರಡಲು ಎಳೆಯುತ್ತಿದ್ದವು. ಮುದುಕಿ ಮೂಗುದಾರ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

ಮೇಷ್ಟ್ರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಓಬಳೇಶ ಕಾದ. ಅವನಿಗೆ ತಡೆಯಲಾಗಲಿಲ್ಲ.

"ಇಳಿದನೋ ಇಲ್ಲವೋ ಹೇಳಿ, ಮೇಷ್ಟ್ರೇ."

"ಗಾಡಿಯ ಮೇಲೆ ಕೂತವನೇ ನನ್ನನ್ನು ಕೇಳಿದರೆ ನಾನೇನು ಹೇಳಲಿ ಓಬಳೇಶ? ಇಳಿ, ಹೊತ್ತು ಮುಳುಗುವುದರೊಳಗೆ ಆ ಮೂವತ್ತು ಬಾಗಿಲೂ ತಟ್ಟು."