ಟೀಚರಮ್ಮನ ಮೀನೂ ಸಿಂಗ್ರಿಯ ಸೈಕಲ್ಲೂ

ಕೊಳ್ಳೇಗಾಲದಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಸಿಂಗ್ರಿ ಅಂತ ಒಬ್ಬನೇ ಮಗ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ ಕೆಲಸ ಮಾಡೋದಿಲ್ಲ ಅನ್ನುವ ಹಾಗಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ‘ದೀಪ ನೋಡ್ಕೊಳ್ಲಾ’ ಅಂದರೆ ದೀಪದ ಮುಂದೆ ಕೂತು ಅದು ಆರುವ ತನಕ ನೋಡುತ್ತಿದ್ದ. ‘ಹಾಲು ಉಕ್ಕಿದ್ರೆ ಕೂಗು’ ಅಂದರೆ ಹಾಲೆಲ್ಲ ಉಕ್ಕಿ ಒಲೆ ಆರಿದರೂ ಕೂಗುತ್ತಾ ನಿಂತಿರುತ್ತಿದ್ದ. ಚಿಕ್ಕತಾಯಮ್ಮ ಹಿಟ್ಟಿನ ಗಿರಣಿಯ ಕೆಲಸಕ್ಕೆ ಹೋಗುವವಳು. ಗಿರಣಿಯ ಅಷ್ಟು ಸದ್ದಿನಲ್ಲೂ ಅವಳ ಕಿವಿ ಮನೆಯ ಕಡೆಗೇ ಇರುತ್ತಿತ್ತು. ಇವತ್ತು ಏನು ಮಾಡಿದನೋ, ಯಾರು ಬೈದುಕೊಂಡು ಬರುತ್ತಾರೋ ಅಂತ.

ಪಕ್ಕದ ಮನೆಯಲ್ಲಿ ವಿಮಲಾಕ್ಷಿ ಟೀಚರ್ ಒಬ್ಬರೇ ಇದ್ದರು. ಗಂಡ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷ ತಂದುಕೊಟ್ಟಿದ್ದ ಎರಡು ಚಿನ್ನದ ಬಣ್ಣದ ಮೀನು ಅವರ ಹತ್ತಿರ ಇದ್ದವು. ಒಂದಕ್ಕೆ ಶಾಮ ಅಂತ ಹೆಸರು, ಇನ್ನೊಂದಕ್ಕೆ ಪದ್ದಿ. ಬೆಳಿಗ್ಗೆ ಕಾಫಿ ಹಿಡಿದು ಟೀಚರ್ ಅವುಗಳ ಮುಂದೆ ಕೂತರೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಅವಕ್ಕೇ ಹೇಳುತ್ತಿದ್ದರು. ಇಡೀ ಬೀದಿಯಲ್ಲಿ ಸಿಂಗ್ರಿಯನ್ನು ‘ಬಾಪ್ಪ, ಕೂತ್ಕೋ’ ಅನ್ನುತ್ತಿದ್ದವರೂ ಅವರೊಬ್ಬರೇ.

ಟೀಚರಿಗೆ ಹೊಟ್ಟೆಯ ಆಪರೇಷನ್ ಅಂತ ಗೊತ್ತಾಯಿತು. ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಮಾಡಿಸಬೇಕು, ಆಮೇಲೂ ಕೆಲವು ವಾರ ಅಲ್ಲೇ ಸುಧಾರಿಸಿಕೊಳ್ಳಬೇಕು. ಹೊರಡುವ ಹೊತ್ತಿಗೆ ಸರಿಯಾಗಿ ಮೀನಿನ ಹಳೇ ಗಾಜಿನ ತೊಟ್ಟಿ ಬಿರುಕು ಬಿಟ್ಟು ನೀರೆಲ್ಲ ಸೋರಿಹೋಯಿತು. ಮೀನು ಎರಡನ್ನೂ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಹೊಸ ತೊಟ್ಟಿಗೆ ಅಂಗಡಿಯಲ್ಲಿ ಹೇಳಿ, ಟೀಚರ್ ಮನೆಯ ಬೀಗದ ಕೈ ತಂದು ಚಿಕ್ಕತಾಯಮ್ಮನ ಕೈಲಿಟ್ಟರು.

“ತಾಯಿ, ತೊಟ್ಟಿ ಬಂದ ಕೂಡಲೇ ಸೈಕಲ್ ಮಾಡಬೇಕು. ಸೈಕಲ್ ಆಗದೆ ಮೀನು ಬಿಟ್ಟರೆ ಸತ್ತುಹೋಗ್ತವೆ” ಅಂದರು. “ಮೀನಿನ ಹೇಸಿಗೆ ನೀರಲ್ಲಿ ವಿಷ ಆಗುತ್ತೆ. ಆ ವಿಷ ತಿನ್ನೋ ಸಣ್ಣ ಜೀವ ಇರ್ತವೆ, ಕಣ್ಣಿಗೆ ಕಾಣೋದಿಲ್ಲ. ಹೊಸ ತೊಟ್ಟಿಯಲ್ಲಿ ಅವು ಹುಟ್ಟಿ ಬೆಳೆಯೋಕೆ ವಾರಗಟ್ಟಲೆ ಬೇಕು. ಅದಕ್ಕೇ ಸೈಕಲ್ ಅನ್ನೋದು. ಇವೆರಡಕ್ಕೆ ಏನಾದರೂ ಆದರೆ ನಾನು ವಾಪಸ್ ಬಂದು ಯಾರ ಮುಖ ನೋಡಲಿ?”

ಚಿಕ್ಕತಾಯಮ್ಮ ಪೂರ್ತಿ ಕೇಳಿಸಿಕೊಂಡಳು. ಪಕ್ಕದಲ್ಲಿದ್ದ ಸಿಂಗ್ರಿ ಮೊದಲ ಮಾತು ಮಾತ್ರ ಕೇಳಿಸಿಕೊಂಡ.

ತೊಟ್ಟಿ ಬಂದ ದಿನ ಗಿರಣಿಯಿಂದ ಊಟಕ್ಕೆ ಬರುತ್ತಿದ್ದ ಚಿಕ್ಕತಾಯಮ್ಮ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ನಿಂತುಬಿಟ್ಟಳು. ಎದುರಿಗೆ ಸಿಂಗ್ರಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಕ್ಯಾರಿಯರಿನ ಮೇಲೆ ಹಗ್ಗ ಬಿಗಿದ ಗಾಜಿನ ತೊಟ್ಟಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿತ್ತು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮುಂದೆ ಗುಂಡಿ. ಕೂಗಿದರೆ ಇವನು ಹ್ಯಾಂಡಲ್ ಬಿಟ್ಟು ತಿರುಗಿ ನೋಡುತ್ತಾನೆ ಅಂತ ಅವಳಿಗೆ ಗೊತ್ತು. ಬಾಯಿಗೆ ಸೆರಗು ಒತ್ತಿಕೊಂಡು ಅವನ ಪಕ್ಕದಲ್ಲೇ ಓಡಿ, ಸೀಟು ಹಿಡಿದು ನಿಲ್ಲಿಸಿದಳು.

“ಏನ್ಲಾ ಇದು?”

“ತೊಟ್ಟಿ ಸೈಕಲ್ ಮಾಡ್ತಿವ್ನಿ ಕಣವ್ವ. ಎಷ್ಟು ಸುತ್ತು ಅಂತ ಟೀಚರಮ್ಮ ಯೋಳ್ನಿಲ್ಲ.”

“ಅಯ್ಯೋ ನನ್ನ ಕರ್ಮವೇ. ತೊಟ್ಟಿ ಅನ್ನೋದು ಇಟ್ಟ ಕಡೆ ಇರಬೇಕು ಕಣ್ಲಾ. ನೀರು ಬುಟ್ಟು ಸುಮ್ನೆ ಕೂತ್ಕೊ. ಏನೇ ಆದ್ರೂ ಮುಟ್ಬೇಡ.”

“ಆಗ್ಲಿ ಕಣವ್ವ. ಏನೇ ಆದ್ರೂ ಮುಟ್ಟಕಿಲ್ಲ.”

ತೊಟ್ಟಿಯನ್ನು ಟೀಚರ್ ಮನೆಯ ಹಾಲಿನಲ್ಲಿಟ್ಟು, ನಲ್ಲಿಗೆ ಪೈಪ್ ಸಿಕ್ಕಿಸಿ ಅವಳು ಗಿರಣಿಗೆ ಹೋದಳು. ಸಾಯಂಕಾಲ ಬಂದು ನೋಡಿದರೆ ಹೊಸಿಲು ದಾಟಿ ನೀರು ಬೀದಿಗೆ ಬರುತ್ತಿತ್ತು. ಒಳಗೆ ಸಿಂಗ್ರಿ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು, ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡು ಕೂತಿದ್ದ. ತೊಟ್ಟಿ ತುಂಬಿ, ಉಕ್ಕಿ, ನೀರು ಗೋಡೆಯ ಬುಡದ ಪ್ಲಗ್ಗಿನ ಹತ್ತಿರ ಬಂದಿತ್ತು. ಇನ್ನೊಂದು ಬೆರಳು ಏರಿದ್ದರೆ ಅಷ್ಟೇ. ಚಿಕ್ಕತಾಯಮ್ಮ ಒಳಗೆ ಕಾಲಿಡಲಿಲ್ಲ. ಹೊರಗಿನ ಕರೆಂಟಿನ ಮೇನ್ ಆಫ್ ಮಾಡಿ, ಆಮೇಲೆ ನಲ್ಲಿ ನಿಲ್ಲಿಸಿ, ಮಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

“ಸತ್ತೋಯ್ತಿದ್ದೆ ಕಣ್ಲಾ. ನೀರು ಹರಿಯೋದು ಕಂಡ್ರೆ ನಿಲ್ಲಿಸಬೇಕು ಅಂತ ಗೊತ್ತಾಗಕಿಲ್ವಾ?”

“ನೀನೇ ಮುಟ್ಬೇಡ ಅಂದಿದ್ದೆ.”

“ಇನ್ಮೇಲೆ ನೀರು ಹರಿಯೋದು ಕಂಡ್ರೆ ನಿಲ್ಲಿಸು.”

“ಆಗ್ಲಿ ಕಣವ್ವ. ಕಂಡ್ರೆ ನಿಲ್ಲಿಸ್ತೀನಿ.”

ಮಾರನೇ ದಿನ ನೆಲ ಒರೆಸಿ, ತೊಟ್ಟಿಗೆ ಫಿಲ್ಟರ್ ಹಾಕಿದರು. ಫಿಲ್ಟರ್ ಅಂದರೆ ನೀರನ್ನು ಸ್ಪಂಜಿನೊಳಗೆ ಎಳೆದು ಮತ್ತೆ ತೊಟ್ಟಿಗೇ ಸುರಿಯುವ ಸಣ್ಣ ಪಂಪು. ಅದು ಸದಾ ಓಡುತ್ತಿರಬೇಕು, ಆ ಕಾಣದ ಜೀವ ಮನೆ ಮಾಡುವುದು ಆ ಸ್ಪಂಜಿನಲ್ಲೇ ಅಂತ ಟೀಚರ್ ಫೋನಿನಲ್ಲಿ ಹೇಳಿದ್ದರು. ಚಿಕ್ಕತಾಯಮ್ಮ ದಿನಾ ಸ್ವಿಚ್ ಹಾಕಿ ಹೋಗುವಳು. ಬಂದಾಗಲೂ ಓಡುತ್ತಲೇ ಇರುತ್ತಿತ್ತು. ಆದರೂ ವಾರ ಕಳೆದ ಮೇಲೆ ತೊಟ್ಟಿಯಿಂದ ಕೊಳೆತ ವಾಸನೆ ಬರತೊಡಗಿತು. ಒಂದು ಮಧ್ಯಾಹ್ನ ಹೇಳದೆ ಬಂದಳು. ಪಂಪು ನಿಂತಿತ್ತು.

“ನೀರು ಹರೀತಿತ್ತು ಕಣವ್ವ, ನಿಲ್ಲಿಸ್ದೆ. ನೀನು ಹೋದ ತಕ್ಷಣ ದಿನಾ ನಿಲ್ಲಿಸ್ತೀನಿ. ನೀನು ಬರೋ ಹೊತ್ಗೆ ಹಾಕ್ತೀನಿ, ನೀನು ಹಾಕಿದ್ದಲ್ವಾ ಅಂತ.”

ಚಿಕ್ಕತಾಯಮ್ಮ ಟೀಚರಿಗೆ ಫೋನ್ ಮಾಡಿ ಹೇಳಿದಳು. ಟೀಚರ್, “ಇಷ್ಟು ದಿನ ಹುಟ್ಟಿದ್ದೆಲ್ಲ ಸತ್ತಿರುತ್ತೆ ತಾಯಿ. ನೀರು ಬದಲಾಯಿಸಿ ಮತ್ತೆ ಮೊದಲಿಂದ ಶುರು ಮಾಡಿ” ಅಂದರು. ಬೈಯಲಿಲ್ಲ. ಬೈದಿದ್ದರೆ ಚಿಕ್ಕತಾಯಮ್ಮನಿಗೆ ವಾಸಿ ಅನ್ನಿಸುತ್ತಿತ್ತು.

ಟಬ್ಬಿನಲ್ಲಿ ಆ ಹೊತ್ತಿಗೆ ಪದ್ದಿ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಚಿಕ್ಕತಾಯಮ್ಮ ಎರಡು ಹೊತ್ತೂ ನಲ್ಲಿಯಿಂದ ಹೊಸ ನೀರು ಹಿಡಿದು ಹಾಕುವಳು. ಹಾಕಿದಷ್ಟೂ ಪದ್ದಿ ಇನ್ನಷ್ಟು ಬಾಯಿ ಬಿಡುತ್ತಿತ್ತು. ಟೀಚರಿಗೆ ಇದನ್ನು ಹೇಳಲಿಲ್ಲ. ಆಪರೇಷನ್ನಿಗೆ ಹೋಗುವವರಿಗೆ ಯಾಕೆ ಹೇಳೋದು ಅಂತ.

“ನೋಡ್ಲಾ” ಅಂದಳು ಮಗನಿಗೆ, “ಪಂಪು ನಿಲ್ಲಿಸಬ್ಯಾಡ. ಆ ಕಾಣದ ಜೀವಕ್ಕೂ ಊಟ ಬೇಕು. ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕು. ಅದು ಕೊಳೆತರೆ ಅವು ತಿಂತವೆ. ಒಳಗೆ ಮೀನು ಅವೆ ಅಂತಾನೇ ಅಂದ್ಕೊ.”

“ಆಗ್ಲಿ ಕಣವ್ವ. ಮೀನು ಅವೆ.”

ಆಪರೇಷನ್ನಿನ ಹಿಂದಿನ ದಿನ ಟೀಚರ್ ತಮ್ಮ ಮನೆಗೆ ಫೋನ್ ಮಾಡಿದರು. ಎತ್ತಿದವನು ಸಿಂಗ್ರಿ.

“ಮೀನು ಎಲ್ಲಪ್ಪ?”

“ತೊಟ್ಟೀಲಿ ಅವೆ ಟೀಚರಮ್ಮ. ಊಟ ಹಾಕ್ತಿವ್ನಿ.”

“ಹೊಸ ತೊಟ್ಟಿಯಲ್ಲಾ? ಈಗಲೇ ಬಿಟ್ಟುಬಿಟ್ಟಿರಾ?”

“ಹೂಂ. ಕಾಣಕಿಲ್ಲ, ಆದ್ರೆ ಅವೆ.”

ಸಾಯಂಕಾಲ ಟೀಚರ ತಂಗಿ ಗಿರಣಿಗೇ ಫೋನ್ ಮಾಡಿದಳು. ಅಕ್ಕನ ಬಿಪಿ ಏರಿಹೋಗಿದೆ, ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದ್ದಾರೆ, ನಿಮ್ಮ ಮಗ ಆಡಿದ ಮಾತಿಗೆ ಅಕ್ಕನ ಜೀವ ಹೋಗುತ್ತಿತ್ತು ಅಂದಳು. ಚಿಕ್ಕತಾಯಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಮನೆಗೆ ಬಂದು ಮಗನ ಮುಂದೆ ಕೂತಳು.

“ಇಲ್ಲದ್ದನ್ನ ಅದೆ ಅಂದ್ಯಲ್ಲೋ. ಇನ್ಮೇಲೆ ಯಾರು ಏನು ಕೇಳಿದ್ರೂ ಕಂಡಿದ್ದನ್ನ ಕಂಡಂಗೆ ಹೇಳು. ಬಿಡಬ್ಯಾಡ, ಸೇರಿಸಬ್ಯಾಡ.”

“ಆಗ್ಲಿ ಕಣವ್ವ. ಕಂಡಂಗೇ ಯೋಳ್ತೀನಿ.”

ಎರಡು ದಿನ ಬಿಟ್ಟು ಟೀಚರ್ ಮತ್ತೆ ಫೋನ್ ಮಾಡಿದಾಗ ಚಿಕ್ಕತಾಯಮ್ಮ ತಾನೇ ಓಡಿ ಹೋಗಿ ಎತ್ತಿದಳು. “ಚೆನ್ನಾಗವೆ ಟೀಚರಮ್ಮ, ಟಬ್ಬಲ್ಲೇ ಅವೆ, ಆಟ ಆಡ್ಕೊಂಡವೆ” ಅಂದಳು. ಪಕ್ಕದಲ್ಲಿ ನಿಂತಿದ್ದ ಸಿಂಗ್ರಿ ಬಗ್ಗಿ ಫೋನಿಗೆ ಬಾಯಿಟ್ಟು, “ಆಡ್ತಿಲ್ಲ ಟೀಚರಮ್ಮ. ಪದ್ದಿ ಬಾಯಿ ಬಿಡ್ತಾ ಅದೆ. ಅವ್ವ ನಲ್ಲಿ ನೀರ ಹಂಗೇ ಹುಯ್ತಾಳೆ. ಹುಯ್ದಾಗೆಲ್ಲ ಇನ್ನಷ್ಟು ಬಿಡ್ತದೆ” ಅಂದ.

ಚಿಕ್ಕತಾಯಮ್ಮ ಅವನ ಬಾಯಿ ಮುಚ್ಚಲು ಕೈ ಎತ್ತಿದಳು. ಅಷ್ಟರಲ್ಲಿ ಆ ಕಡೆಯಿಂದ ಟೀಚರ ದನಿ ಬಂತು, ಕ್ಲಾಸಿನಲ್ಲಿ ಮಾತಾಡುವ ಹಾಗೆ ಗಟ್ಟಿಯಾಗಿ.

“ತಾಯಿ, ನಲ್ಲಿ ನೀರಿಗೆ ಮುನಿಸಿಪಾಲಿಟಿಯವರು ಔಷಧಿ ಹಾಕಿರ್ತಾರೆ. ಅದು ಮೀನಿನ ಕಿವಿರು ಸುಡುತ್ತೆ. ಬೀರುವಿನಲ್ಲಿ ನೀಲಿ ಸೀಸೆ ಇದೆ ನೋಡಿ, ಬಕೆಟ್ಟಿಗೆ ಎರಡು ಹನಿ ಹಾಕಿ ಆಮೇಲೆ ಸುರೀರಿ. ತೊಟ್ಟಿಗೂ ಅಷ್ಟೇ. ಅದಕ್ಕೇ ಅಲ್ಲೂ ಏನೂ ಹುಟ್ಟುತ್ತಿಲ್ಲ. ನಾನೇ ಹೇಳೋದು ಮರೆತೆ.”

ಚಿಕ್ಕತಾಯಮ್ಮ ಫೋನ್ ಇಟ್ಟಳು. ಇಷ್ಟು ದಿನ ಪದ್ದಿಯನ್ನು ಸುಡುತ್ತಿದ್ದದ್ದು ತನ್ನ ಕೈ. ಮಗನ ಮುಖ ನೋಡಿದಳು. ಅವನು ಬೈಗುಳಕ್ಕೆ ಕಾಯುತ್ತಾ ನಿಂತಿದ್ದ. ಅವತ್ತು ಬೈಗುಳ ಬರಲಿಲ್ಲ.

ನೀಲಿ ಸೀಸೆಯ ನೀರಿಗೆ ಪದ್ದಿ ಮೆಲ್ಲಗೆ ಕೆಳಗಿಳಿಯಿತು. ಮೈಸೂರಿನಲ್ಲಿ ಟೀಚರ ಆಪರೇಷನ್ನೂ ಆಯಿತು. ತೊಟ್ಟಿಯ ನೀರು ಮೊದಲು ಗಂಜಿಯ ಹಾಗೆ ಬೆಳ್ಳಗಾಗಿ, ಆಮೇಲೆ ತಿಳಿಯಾಯಿತು. ಟೀಚರ್ ಕಳಿಸಿದ್ದ, ನೀರಿನ ವಿಷಕ್ಕೆ ಬಣ್ಣ ಬದಲಾಗುವ ಕಾಗದದ ಪಟ್ಟಿಯನ್ನು ತೊಟ್ಟಿಗೆ ಅದ್ದಿ, ಅದರ ಬಣ್ಣ ಹೇಗಿದೆ ಅಂತ ಸಿಂಗ್ರಿಯೇ ದಿನಾ ಫೋನಿನಲ್ಲಿ ಹೇಳುವನು. ಕಂಡ ಹಾಗೇ ಹೇಳುವನು. ವಾರಗಳಾದ ಮೇಲೆ ಒಂದು ಬೆಳಿಗ್ಗೆ ಟೀಚರ್, “ಸಾಕು, ವಿಷ ಇಲ್ಲ. ಇನ್ನು ಮೀನು ಬಿಡಿ” ಅಂದರು. ಬಿಡುವ ಕ್ರಮವನ್ನೂ ಹೇಳಿದರು.

ಈ ಕೊನೇ ಗಳಿಗೆಯಲ್ಲಿ ಇವನು ಟಬ್ಬನ್ನೇ ಎತ್ತಿ ಸುರಿದುಬಿಟ್ಟರೆ ಅಂತ ಚಿಕ್ಕತಾಯಮ್ಮನಿಗೆ ದಿಗಿಲು. ಅವನ ಎರಡೂ ಭುಜ ಹಿಡಿದು ಹೇಳಿದಳು. “ಹೊಸ ಜಾಗಕ್ಕೆ ಬರೋ ಜೀವಾನ ದಬಕ್ಕನೆ ಒಳಗೆ ಬುಡಬಾರದು ಕಣ್ಲಾ. ಎದೆ ಒಡ್ಕೊಂಡು ಸಾಯ್ತವೆ. ಮೊದಲು ಹಳೇ ನೀರಲ್ಲೇ ಇರಿಸು. ಒಳಗಿನ ನೀರ ಲೋಟ ಲೋಟವಾಗಿ ಸೇರಿಸು. ಮೈಗೆ ಒಗ್ಗಿದ ಮೇಲೆ ಬಲೇಲಿ ಎತ್ತಿ ಬುಡು. ಹಳೇ ನೀರು ಒಳಕ್ಕೆ ಬರಬಾರದು. ಯಾವ ಜೀವ ಆದ್ರೂ ಅಷ್ಟೇ.”

“ಆಗ್ಲಿ ಕಣವ್ವ. ಯಾವ ಜೀವ ಆದ್ರೂ ಅಷ್ಟೇ.”

ಅವತ್ತು ಸಿಂಗ್ರಿ ಒಂದು ತಪ್ಪೂ ಮಾಡಲಿಲ್ಲ. ಲೋಟ ಲೋಟವಾಗಿ ನೀರು ಸೇರಿಸಿದ, ಕಾದ, ಬಲೆಯಲ್ಲಿ ಎತ್ತಿ ಬಿಟ್ಟ. ಶಾಮ ಒಂದು ಸುತ್ತು ಹೊಡೆಯಿತು. ಪದ್ದಿ ಅದರ ಹಿಂದೆ ಹೊರಟಿತು. ಚಿಕ್ಕತಾಯಮ್ಮ ಅಲ್ಲೇ ನೆಲದ ಮೇಲೆ ಕೂತು ಕಣ್ಣೊರೆಸಿಕೊಂಡಳು.

ಟೀಚರ್ ಊರಿಗೆ ಬರುವ ದಿನ ಗಿರಣಿಯಲ್ಲಿ ಕೆಲಸ ಮುಗಿಸಿ ಹೊರಡುವುದು ಅವಳಿಗೆ ತಡವಾಯಿತು. ಓಡೋಡಿ ಬಂದರೆ ಟೀಚರ್ ಮನೆಯ ಮುಂದೆ ಜನ. ಜನರನ್ನು ಸರಿಸಿಕೊಂಡು ಮುಂದೆ ಹೋದಳು.

ಜಗುಲಿಯ ಮೇಲೆ ಟೀಚರ್ ಕುರ್ಚಿಯಲ್ಲಿ ಕೂತಿದ್ದರು, ಬಡವಾಗಿ, ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು. ಎರಡೂ ಪಾದ ಹಿತ್ತಾಳೆಯ ಬೋಗುಣಿಯ ನೀರಿನಲ್ಲಿದ್ದವು. ತಂಗಿ ಸಿಟ್ಟಿನಿಂದ ಕೆಂಪಾಗಿ ನಿಂತಿದ್ದಳು. ಸಿಂಗ್ರಿ ಒಳಗಿಂದ ಲೋಟದಲ್ಲಿ ನೀರು ತಂದು ತಂದು ಬೋಗುಣಿಗೆ ಹಾಕುತ್ತಿದ್ದ.

“ಮೈಸೂರಿಂದ ತಂದಿದ್ದ ಬಾಟಲಿ ನೀರನ್ನ ಬೋಗುಣಿಗೆ ಸುರಿದಾಗ ಕಾಲು ತೊಳೆಯೋಕೆ ಅಂದ್ಕೊಂಡೆ” ಅಂದಳು ತಂಗಿ. “ಆವಾಗಿಂದ ಬಾಗಿಲಿಗೆ ಅಡ್ಡ ನಿಂತಿದಾನೆ. ಒಳಗೆ ಬಿಡಲ್ಲ ಅಂತಾನೆ.”

“ಮೈಸೂರು ನೀರಿಂದ ಬಂದವ್ರೆ ಕಣವ್ವ” ಅಂದ ಸಿಂಗ್ರಿ. “ದಬಕ್ಕನೆ ಬುಟ್ರೆ ಎದೆ ಒಡ್ಕೊತಾರೆ.”

ಚಿಕ್ಕತಾಯಮ್ಮ ನಾಚಿಕೆಯಿಂದ ಹಣೆ ಚಚ್ಚಿಕೊಂಡಳು. ಟೀಚರ್ ಹೊಟ್ಟೆ ಒತ್ತಿ ಹಿಡಿದುಕೊಂಡಿದ್ದರು. ನೋವೇನೋ ಅಂತ ಹತ್ತಿರ ಬಗ್ಗಿ ನೋಡಿದರೆ, ಹೊಲಿಗೆ ಎಳೆಯದ ಹಾಗೆ ನಗು ತಡೆಯುತ್ತಿದ್ದರು.

“ಇರಲಿ ಬಿಡಿ ತಾಯಿ” ಅಂದರು. “ಆಸ್ಪತ್ರೆಯಲ್ಲಿ ಯಾರೂ ಇಷ್ಟು ನಿಧಾನ ಮಾಡಲಿಲ್ಲ.”

ಸಿಂಗ್ರಿ ಕೊನೆಯ ಲೋಟ ಸುರಿದ. ಟೀಚರ ಪಾದವನ್ನು ಬಗ್ಗಿ ನೋಡಿ, ಒಗ್ಗಿದೆ ಅನ್ನುವ ಹಾಗೆ ತಲೆಯಾಡಿಸಿದ. ಒಳಗೆ ಹೋಗಿ ಮಂಚದ ಮೇಲಿನ ಸೊಳ್ಳೆಪರದೆ ಬಿಚ್ಚಿ ತಂದು ಜಗುಲಿಯ ತುಂಬ ಹರಡಿದ. ಒಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು, ಇನ್ನೊಂದನ್ನು ತಾಯಿಯ ಕಡೆ ಚಾಚಿದ.

“ಹಿಡ್ಕೊಳವ್ವ. ಬಲೇಲಿ ಎತ್ತಿ ಒಳಕ್ಕೆ ಬುಡವ. ಮೈಸೂರು ನೀರು ಒಂದು ಹನೀನೂ ಒಳಕ್ಕೆ ಬರಬಾರದು.”