ರಾಣಿಯ ಅಟ್ಟ

ದೇವಲಗೆರೆಯಲ್ಲಿ ಆಗ ಎಲ್ಲರೂ ನಂಬಿದ್ದು ಇಷ್ಟು: ಸತ್ತ ರಾಣಿ ಅರಮನೆಯ ಅಟ್ಟದಲ್ಲಿದ್ದಾಳೆ, ತಾನು ಹಾಕಿಹೋದ ಮೂರು ಒಗಟುಗಳಿಗೆ ಉತ್ತರ ಸಿಗುವವರೆಗೆ ಅಲ್ಲಿಂದ ಇಳಿಯುವುದಿಲ್ಲ.

ಡಂಗುರದವನೂ ಅದನ್ನೇ ಸಾರಿದ. "ಕೇಳ್ರಪ್ಪೋ ಕೇಳಿ! ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ! ತಪ್ಪಿದವನಿಗೆ ಶೂಲ!"

ತೀರ್ಪು ಕೊಡುವವಳು ರಾಣಿಯೇ. ಪ್ರತಿ ಉತ್ತರದ ನಂತರ ರಾಜ ಮಲ್ಲಭೂಪ ಏಣಿ ಹತ್ತಿ, ಬೀಗ ಹಾಕಿದ ಅಟ್ಟದ ಬಾಗಿಲಿಗೆ ಕಿವಿಗೊಡುತ್ತಿದ್ದ. ಒಳಗೆ ಲೊಡಕ್ ಎಂದರೆ ಅವಳಿಗೆ ಒಪ್ಪಿಗೆಯಿಲ್ಲ. ಲೊಡಕ್ ಎನ್ನದ ದಿನವೇ ಇರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಕಾಯಿ ಸುಲಿಯುವ ಜವರ ಹೆಗಲ ಮೇಲೆ ಹಾರೆ ಹೊತ್ತು ಬಂದ. ವರ್ಷ ಬಿಟ್ಟು ಬಾ ಎಂದು ಹೋದ ವರ್ಷ ರಾಣಿಯೇ ಹೇಳಿದ್ದಳು. ಅವಳು ಸತ್ತ ಸುದ್ದಿ ಅವನಿಗೆ ಗೊತ್ತಾದದ್ದು ಹೆಬ್ಬಾಗಿಲಲ್ಲಿ.

"ಅಟ್ಟದ ಕೆಲಸ ಇತ್ತು ಕಣಣ್ಣ. ಹೋಗಲಿ ಬಿಡು, ವಾಪಸ್ ಹೊರಡ್ತೀನಿ."

"ಅಟ್ಟ ಅಂದವರನ್ನೆಲ್ಲ ಒಳಗೆ ಬಿಡೋಕೆ ಅಪ್ಪಣೆಯಿದೆ. ಹೊರಗೆ ಬಿಡೋಕಿಲ್ಲ," ಎಂದ ಕಾವಲುಗಾರ. "ನಿಲ್ಲು. ನಿನ್ನ ಮುಂದೆ ಇಬ್ಬರೇ."

ಮೊದಲನೆಯವನು ಸಾಮಂತನ ಮಗ. ರಾಜ ಕೇಳಿದ: "ನೀರಿದ್ದಾಗ ಮೂಕ, ನೀರು ಆರಿದ ಮೇಲೆ ಮಾತು. ಏನದು?"

"ದುಃಖ, ಪ್ರಭು. ಕಣ್ಣೀರು ಆರಿದ ಮೇಲೇ ಅದಕ್ಕೆ ಮಾತು ಬರುವುದು."

ಸಭೆ ತಲೆದೂಗಿತು. ರಾಜ ಏಣಿ ಹತ್ತಿದ. ಲೊಡಕ್. ಸಾಮಂತನ ಮಗನನ್ನು ಎಳೆದೊಯ್ದರು.

ಎರಡನೆಯವರು ಆಸ್ಥಾನದ ಶಾಸ್ತ್ರಿಗಳು. ಮೂರಕ್ಕೂ "ಆತ್ಮ" ಎಂದು ಊಟದ ಹೊತ್ತಿನವರೆಗೆ ವ್ಯಾಖ್ಯಾನ ಮಾಡಿದರು. ಲೊಡಕ್, ಲೊಡಕ್.

ಆ ಸದ್ದಿಗೆ ಜವರ ಹೆಗಲ ಹಾರೆ ಇಳಿಸಿ ಅಟ್ಟದತ್ತ ನೋಡಿದ. ಆಮೇಲೆ ಅವನು ಅದನ್ನೇ ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಕೊಂಡ. ಆ ಸದ್ದನ್ನು ಗುರುತಿಸಿಯೇ ಅವನು ಇಷ್ಟು ವರ್ಷ ಹೊಟ್ಟೆ ಹೊರೆದದ್ದು.

ಅವನ ಸರದಿ ಬಂತು. ರಾಜ ಮೊದಲ ಒಗಟನ್ನು ಮತ್ತೆ ಹೇಳಿದ.

"ಅದು ಕೊಬ್ಬರಿ, ಬುದ್ಧಿ," ಎಂದು ಜವರ ಕೈಮುಗಿದ.

ಯಾರೋ ನಕ್ಕರು. ರಾಜ ನಗಲಿಲ್ಲ. "ಗೋಡೆ ಬಿಟ್ಟರೂ ಮನೆ ಬಿಡದ್ದು?"

"ಅದೂ ಕೊಬ್ಬರೀನೇ. ಕಾಯಿ ವರ್ಷ ಅಟ್ಟದಲ್ಲಿದ್ದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನ ಗೋಡೆ ಬಿಡುತ್ತೆ, ಆದರೂ ಕಾಯೊಳಗೇ ಇರುತ್ತೆ. ಅಲ್ಲಾಡಿಸಿದರೆ ಲೊಡಕ್ ಅನ್ನುತ್ತೆ."

"ಒಡೆದರೆ ಮಾತ್ರ ಇಡಿಯಾಗಿ ಸಿಗುವುದು?"

"ಚಿಪ್ಪು ಒಡೀಬೇಕು, ಕೊಬ್ಬರಿ ಉಂಡೆ ಇಡಿಯಾಗಿ ಬರಬೇಕು. ಒಣಗಿದ್ದಕ್ಕೆ ಈ ಮೂರೂ ಗುರುತು, ಬುದ್ಧಿ. ರಾಣಿಯಮ್ಮನಿಗೆ ನಾನೇ ಹೇಳಿಕೊಟ್ಟಿದ್ದೆ. ಹಿತ್ತಿಲ ಕಾಯನ್ನೆಲ್ಲ ಅವರು ಮುಂದೆ ನಿಂತು ಅಟ್ಟಕ್ಕೆ ಏರಿಸಿದ್ದರು."

ಅಟ್ಟದಲ್ಲಿ ಏನಿದೆ ಎಂದು ವಿಚಾರಿಸುವ ರೂಢಿ ರಾಜರಿಗಿಲ್ಲ. ಅವಳು ಸತ್ತ ದಿನ ಮಲ್ಲಭೂಪ ಬೀಗ ಹಾಕಿದ್ದ, ಅಷ್ಟೇ.

"ನಾನು ಹತ್ತಿದಾಗಲೇ ಏಕೆ ಬಡಿಯುತ್ತಾಳೆ?"

"ಏಣಿಯನ್ನು ಅಟ್ಟದ ಬಿದಿರಿಗೇ ಕಟ್ಟಿದೆ. ನೀವು ಹತ್ತಿದರೆ ಅಟ್ಟ ಅಲ್ಲಾಡುತ್ತೆ, ಕಾಯಿ ಉರುಳುತ್ತೆ. ಬಡೀತಿದ್ದವರು ನೀವೇ, ಬುದ್ಧಿ."

ಶೂಲಕ್ಕೆ ಹೋದವರ ಲೆಕ್ಕ ಎಲ್ಲರಿಗೂ ಗೊತ್ತಿತ್ತು.

"ಹಾಗಾದರೆ ಅವಳು ಅಲ್ಲಿಲ್ಲವೇ?"

ಜವರ ನೆಲ ನೋಡಿದ. "ಇಲ್ಲ, ಬುದ್ಧಿ."

ಬೀಗ ತೆಗೆಸಿದರು. ಜವರ ಒಂದು ಕಾಯಿ ಸುಲಿದು, ಚಿಪ್ಪು ಒಡೆದ. ಕಂದು ಬಣ್ಣದ ಉಂಡೆ ರಾಜನ ಅಂಗೈಗೆ ಉರುಳಿತು. ಸಂಜೆಯೊಳಗೆ ಅಟ್ಟ ಖಾಲಿಯಾಯಿತು. ರಾಜ ಕೊನೆಯ ಸಲ ಏಣಿ ಹತ್ತಿ, ಬಹಳ ಹೊತ್ತು ಕಿವಿಗೊಟ್ಟು ನಿಂತ. ಏನೂ ಕೇಳಿಸಲಿಲ್ಲ. ಸದ್ದಿಲ್ಲ ಎಂದರೆ ರಾಣಿಯ ಒಪ್ಪಿಗೆ.

ಜವರನಿಗೆ ಅರ್ಧ ರಾಜ್ಯ ಸಿಕ್ಕಿತು. ಶೂಲದ ದಿಬ್ಬ ಅವನ ಪಾಲಿಗೇ ಬಂತು. ಶೂಲ ಕಿತ್ತು ತೆಂಗು ನೆಡಿಸಿದ.

ರಾಣಿ ಸಾಯುವಾಗ ಒಗಟು ಹಾಕಿರಲಿಲ್ಲ. ಜ್ವರದಲ್ಲಿ ತೊದಲುತ್ತ ಆ ಮೂರು ಗುರುತು ಹೇಳಿ, ಯಾರಿಗೂ ಕೇಳಿಸದ ದನಿಯಲ್ಲಿ, ಕೊಬ್ಬರಿ ಇಳಿಸಲು ಮರೆಯಬೇಡಿ ಎಂದಿದ್ದಳು.